ಮೊಬೈಲಿನಲ್ಲಿ ಅಂತರಜಾಲ: ಬ್ರೌಸರು ಬೆಳೆದು ಬಂದ ಬಗೆ ಮತ್ತು ರೈತರು ತಿಳಿದಿರಬೇಕಾದ ವಿಷಯಗಳು

(ರೈತರು ಮತ್ತು ವಿಸ್ತರಣಾ ಕಾರ್ಯಕರ್ತರಿಗಾಗಿ ನೀಡಿದ ಉಪನ್ಯಾಸದ ಪಾಠ)



ಬೇಸಾಯಕ್ಕೆ ಬೀಜ, ಗೊಬ್ಬರ, ನೀರು ಎಷ್ಟು ಮುಖ್ಯವೋ ಸಕಾಲದಲ್ಲಿ ದೊರೆಯುವ ಸರಿಯಾದ ಮಾಹಿತಿಯೂ ಅಷ್ಟೇ ಮುಖ್ಯ. ಪಹಣಿಯ ವಿವರ, ಮಾರುಕಟ್ಟೆಯ ಧಾರಣೆ, ಮಳೆಯ ಮುನ್ಸೂಚನೆ, ಬೆಳೆ ವಿಮೆಯ ಅರ್ಜಿಯ ಸ್ಥಿತಿ, ಪಿಎಂ ಕಿಸಾನ್ ಕಂತು ಜಮೆಯಾಗಿದೆಯೇ ಇಲ್ಲವೇ ಎಂಬ ಸಂಗತಿ, ಇವೆಲ್ಲವೂ ಇಂದು ಅಂತರಜಾಲದ ಪುಟಗಳಲ್ಲಿ ದೊರೆಯುತ್ತವೆ. ಹಿಂದೆ ಇವುಗಳಿಗಾಗಿ ಒಂದು ದಿನದ ಹೊಲದ ಕೆಲಸ ಬಿಟ್ಟು ತಾಲ್ಲೂಕು ಕೇಂದ್ರಕ್ಕೆ ಹೋಗಿ ಬರಬೇಕಾಗಿತ್ತು. ಈಗ ಜೇಬಿನಲ್ಲಿರುವ ಫೋನಿನಲ್ಲಿಯೇ ನೋಡಬಹುದಾಗಿದೆ. ಆದರೆ ಇದೇ ಫೋನಿನಿಂದ ಬ್ಯಾಂಕಿನಲ್ಲಿದ್ದ ಹಣವನ್ನು ಕಳೆದುಕೊಂಡವರೂ ಇದ್ದಾರೆ. ತಪ್ಪು ಸಲಹೆಯನ್ನು ನಂಬಿ ಬೆಳೆಗೆ ತಪ್ಪು ಔಷಧಿ ಸಿಂಪಡಿಸುವ ಅಪಾಯವೂ ಇಲ್ಲದಿಲ್ಲ. ಕುಡುಗೋಲೇ ಆಗಲಿ ಟ್ರಾಕ್ಟರೇ ಆಗಲಿ, ಉಪಕರಣವನ್ನು ಅರಿತು ಬಳಸಿದರೆ ಲಾಭ, ಅರಿಯದೆ ಬಳಸಿದರೆ ಅಪಾಯ. ಆದುದರಿಂದ ಅಂತರಜಾಲಕ್ಕೆ ಬಾಗಿಲಿನಂತಿರುವ ಬ್ರೌಸರು ಎಂಬ ಉಪಕರಣದ ಪರಿಚಯ ಪ್ರತಿಯೊಬ್ಬ ರೈತನಿಗೂ ಅಗತ್ಯ.

ಬ್ರೌಸರು ಎಂದರೇನು?

ದೂರದ ಕಂಪ್ಯೂಟರಿನಲ್ಲಿರುವ ಪುಟವನ್ನು ತರಿಸಿ, ಪರದೆಯ ಮೇಲೆ ಓದಲು ಬರುವಂತೆ ಜೋಡಿಸಿ ತೋರಿಸುವ ತಂತ್ರಾಂಶಕ್ಕೆ ಬ್ರೌಸರು ಎನ್ನುತ್ತಾರೆ. ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್, ಒಪೆರಾ ಇವೆಲ್ಲ ಬ್ರೌಸರುಗಳು. ಗೂಗಲ್ ಹುಡುಕಾಟವೇ ಬ್ರೌಸರು ಎಂದು ಹಲವರು ತಿಳಿದಿರುವುದುಂಟು. ಇದು ಸರಿಯಲ್ಲ. ಹುಡುಕಾಟವು ಯಾವ ಪುಟ ಎಲ್ಲಿದೆ ಎಂದು ದಾರಿ ತೋರಿಸುತ್ತದೆ. ಆ ಪುಟವನ್ನು ತೆರೆದು ತೋರಿಸುವುದು ಬ್ರೌಸರಿನ ಕೆಲಸ.

ಬ್ರೌಸರಿನ ಒಳಗೆ ಪುಟವನ್ನು ಕಟ್ಟುವ ಮುಖ್ಯ ಭಾಗಕ್ಕೆ ಎಂಜಿನ್ ಎಂದೇ ಹೆಸರು. ಬೇರೆ ಬೇರೆ ಹೆಸರಿನ ಪಂಪ್‌ಸೆಟ್ಟುಗಳಿಗೆ ಒಂದೇ ಕಾರ್ಖಾನೆಯ ಮೋಟಾರು ಕೂರಿಸಿರುವಂತೆ, ಬೇರೆ ಬೇರೆ ಹೆಸರಿನ ಬ್ರೌಸರುಗಳಲ್ಲಿ ಒಂದೇ ಎಂಜಿನ್ ಇರಬಹುದು. ಇದರ ಪರಿಣಾಮವನ್ನು ಮುಂದೆ ವಿವರಿಸಲಾಗಿದೆ.

ಬೆಳೆದು ಬಂದ ದಾರಿ

ಸ್ವಿಟ್ಜರ್ಲೆಂಡಿನ ಜಿನೀವಾ ಬಳಿಯ ಸರ್ನ್ ಎಂಬ ಭೌತಶಾಸ್ತ್ರ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಟಿಮ್ ಬರ್ನರ್ಸ್ ಲೀ ಅವರು 1989ರಲ್ಲಿ ಜಾಲಪುಟಗಳ ಯೋಜನೆಯನ್ನು ಮುಂದಿಟ್ಟರು. ಮೊದಲ ಬ್ರೌಸರನ್ನೂ ಅವರೇ 1990ರಲ್ಲಿ ರಚಿಸಿದರು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆಯು ಈ ತಂತ್ರಾಂಶವನ್ನು ಯಾವುದೇ ಶುಲ್ಕವಿಲ್ಲದೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಊರ ಕೆರೆಯ ನೀರಿನಂತೆ ಇದು ಎಲ್ಲರ ಸ್ವತ್ತಾದುದರಿಂದಲೇ ಅಷ್ಟು ಬೇಗ ಜಗತ್ತಿನಾದ್ಯಂತ ಹರಡಿತು.

ಜನಸಾಮಾನ್ಯರು ಮೆಚ್ಚಿದ ಮೊದಲ ಬ್ರೌಸರು ಮೊಸಾಯಿಕ್. ಬರಹದ ನಡುವೆಯೇ ಚಿತ್ರವನ್ನೂ ತೋರಿಸುತ್ತಿದ್ದ ಇದು 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಸಿದ್ಧವಾಯಿತು. ಕೃಷಿ ವಿಸ್ತರಣೆಯಲ್ಲಿರುವವರಿಗೆ ಈ ಹೆಸರು ಹೊಸದಲ್ಲ. 1960ರಲ್ಲಿ ಪಂತನಗರದಲ್ಲಿ ಭಾರತದ ಮೊದಲ ಕೃಷಿ ವಿಶ್ವವಿದ್ಯಾನಿಲಯ ಆರಂಭವಾದಾಗ ನೆರವು ನೀಡಿದ್ದು ಇದೇ ಇಲಿನಾಯ್ ವಿಶ್ವವಿದ್ಯಾನಿಲಯ. 1964ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾನಿಲಯಕ್ಕೆ ಟೆನೆಸೀ ವಿಶ್ವವಿದ್ಯಾನಿಲಯದ ನೆರವು ದೊರೆತಿತ್ತು. ಸಂಶೋಧನೆಯ ಫಲ ಜನರಿಗೆ ತಲುಪಬೇಕೆಂಬ ಧ್ಯೇಯದಿಂದ ಹುಟ್ಟಿದ ವಿದ್ಯಾಸಂಸ್ಥೆಯೊಂದರಲ್ಲಿಯೇ ಜನರ ಬ್ರೌಸರೂ ರೂಪುಗೊಂಡುದು ಗಮನಾರ್ಹ.

ಮೊಸಾಯಿಕ್ ರಚಿಸಿದವರಲ್ಲಿ ಕೆಲವರು ಹೊರಬಂದು 1994ರಲ್ಲಿ ನೆಟ್‌ಸ್ಕೇಪ್ ಬ್ರೌಸರನ್ನು ತಂದರು. 1995ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಂದಿತು. ಅದೇ ತಿಂಗಳ 15ರಂದು ವಿದೇಶ ಸಂಚಾರ ನಿಗಮವು ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆಯನ್ನು ಆರಂಭಿಸಿತು. ವಿಂಡೋಸ್ ಜೊತೆಯಲ್ಲಿಯೇ ಉಚಿತವಾಗಿ ಬರುತ್ತಿದ್ದುದರಿಂದ ಕೆಲವೇ ವರ್ಷಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಎಕ್ಸ್‌ಪ್ಲೋರರನ್ನೇ ಬಳಸುವಂತಾಯಿತು. ಸೋತ ನೆಟ್‌ಸ್ಕೇಪ್ 1998ರಲ್ಲಿ ತನ್ನ ತಂತ್ರಾಂಶದ ಮೂಲವನ್ನು ಎಲ್ಲರಿಗೂ ತೆರೆದಿಟ್ಟಿತು. ಆ ಬೀಜದಿಂದ ಮೊಳೆತ ಫೈರ್‌ಫಾಕ್ಸ್ 2004ರ ನವೆಂಬರಿನಲ್ಲಿ ಬಿಡುಗಡೆಯಾಯಿತು. 2008ರ ಸೆಪ್ಟೆಂಬರಿನಲ್ಲಿ ಗೂಗಲಿನ ಕ್ರೋಮ್ ಬಂದು ಕ್ರಮೇಣ ಎಲ್ಲವನ್ನೂ ಹಿಂದಕ್ಕೆ ಹಾಕಿತು. 2022ರ ಜೂನ್ 15ರಂದು ಎಕ್ಸ್‌ಪ್ಲೋರರಿಗೆ ವಿರಾಮ ಹೇಳಲಾಯಿತು.

ಚಿಕ್ಕ ಪರದೆಗೆ ಬಂದ ಅಂತರಜಾಲ

ಮೊಬೈಲು ಫೋನಿನಲ್ಲಿ ಪುಟ ತೆರೆಯುವ ಪ್ರಯತ್ನ 1999ರ ಸುಮಾರಿಗೇ ವ್ಯಾಪ್ ಎಂಬ ಪದ್ಧತಿಯಿಂದ ಆರಂಭವಾಯಿತು. ಅದಕ್ಕಾಗಿ ಪ್ರತ್ಯೇಕ ಪುಟಗಳನ್ನೇ ಬರೆಯಬೇಕಾಗಿತ್ತು. ಕೆಲವೇ ಸಾಲುಗಳು ಕಾಣುತ್ತಿದ್ದವು. ಆದುದರಿಂದ ಅದು ಹೆಚ್ಚು ಕಾಲ ಉಳಿಯಲಿಲ್ಲ.

2006ರಲ್ಲಿ ಎಲ್ಲ ದೇಶಗಳಿಗೂ ದೊರೆತ ಒಪೆರಾ ಮಿನಿ ಬೇರೊಂದು ಉಪಾಯ ಹೂಡಿತು. ತೆಂಗಿನಕಾಯಿಯನ್ನು ಮಟ್ಟೆ ಸಹಿತ ಸಾಗಿಸದೆ, ತೋಟದಲ್ಲಿಯೇ ಸುಲಿದು ಕಳಿಸಿದರೆ ಗಾಡಿಯ ಹೊರೆ ಕಡಿಮೆಯಾಗುವುದಷ್ಟೆ. ಅದೇ ರೀತಿ ಪುಟವನ್ನು ಮೊದಲು ಕಂಪನಿಯ ಕಂಪ್ಯೂಟರಿಗೆ ತರಿಸಿ, ಅಲ್ಲಿ ಕುಗ್ಗಿಸಿ, ಬಳಿಕ ಫೋನಿಗೆ ಕಳಿಸಲಾಗುತ್ತಿತ್ತು. ನಿಧಾನದ ಸಂಪರ್ಕದಲ್ಲಿಯೂ ಸಾಧಾರಣ ಬೆಲೆಯ ಫೋನಿನಲ್ಲಿಯೂ ಇದರಿಂದ ಕೆಲಸ ನಡೆಯಿತು. ಆದರೆ ಬಲವಾಗಿ ಕುಗ್ಗಿಸುವ ಇಂತಹ ಪದ್ಧತಿಯಲ್ಲಿ ಪುಟದಲ್ಲಿ ತುಂಬಿದ ವಿವರಗಳು ಮಧ್ಯವರ್ತಿಯ ಕೈ ದಾಟಿಯೇ ಹೋಗುತ್ತವೆ. ಬ್ಯಾಂಕಿನ ವ್ಯವಹಾರಕ್ಕೆ ಇದು ಸೂಕ್ತವಲ್ಲ. ಡೇಟಾ ಉಳಿಸುವುದಕ್ಕೆ ಹೆಸರಾಗಿ, ಭಾರತದಲ್ಲಿ ಅತಿ ಹೆಚ್ಚು ಬಳಕೆಯಲ್ಲಿದ್ದ ಯುಸಿ ಬ್ರೌಸರನ್ನು 2020ರ ಜೂನ್ 29ರಂದು ಕೇಂದ್ರ ಸರ್ಕಾರವು ಇತರ 58 ಆಪ್‌ಗಳೊಂದಿಗೆ ನಿರ್ಬಂಧಿಸಿತು.

2007ರಲ್ಲಿ ಐಫೋನ್, 2008ರಲ್ಲಿ ಆಂಡ್ರಾಯ್ಡ್ ಫೋನು ಬಂದ ಮೇಲೆ ಕಂಪ್ಯೂಟರಿನ ಪುಟವೇ ಫೋನಿನಲ್ಲಿ ತೆರೆಯತೊಡಗಿತು. ಆದರೆ ಅಕ್ಷರಗಳು ಸಾಸಿವೆ ಕಾಳಿನಂತೆ ಕಾಣುತ್ತಿದ್ದವು. ಬೆರಳಿನಿಂದ ಹಿಗ್ಗಿಸಿ ಓದಬೇಕಿತ್ತು. ಇದಕ್ಕೆ ಪರಿಹಾರವಾಗಿ 2010ರಲ್ಲಿ ಈಥನ್ ಮಾರ್ಕಾಟ್ ಎಂಬ ವಿನ್ಯಾಸಕಾರರು, ನೀರು ಪಾತ್ರೆಯ ಆಕಾರ ತಾಳುವಂತೆ ಒಂದೇ ಪುಟವು ಪರದೆಯ ಅಗಲಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ವಿಧಾನವನ್ನು ವಿವರಿಸಿದರು. 2015ರ ಏಪ್ರಿಲಿನಿಂದ ಗೂಗಲ್ ಸಂಸ್ಥೆಯು ಮೊಬೈಲಿಗೆ ಹೊಂದುವ ಪುಟಗಳಿಗೆ ಮೊಬೈಲು ಹುಡುಕಾಟದಲ್ಲಿ ಆದ್ಯತೆ ನೀಡಿತು. ಭಾರತದಲ್ಲಿ 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾದ ಮೇಲೆ ಡೇಟಾ ದರ ಬಹುವಾಗಿ ಇಳಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಜಗತ್ತಿನಾದ್ಯಂತ ಮೊಬೈಲು ಮತ್ತು ಟ್ಯಾಬ್ಲೆಟ್ಟುಗಳಲ್ಲಿ ನೋಡಿದ ಪುಟಗಳ ಪ್ರಮಾಣ ಶೇಕಡ 51.3ಕ್ಕೆ ಏರಿ, ಮೊದಲ ಬಾರಿಗೆ ಕಂಪ್ಯೂಟರನ್ನು ಮೀರಿಸಿತೆಂದು ಸ್ಟ್ಯಾಟ್‌ಕೌಂಟರ್ ಸಂಸ್ಥೆ ತಿಳಿಸಿತು.

ಒಂದೇ ತಳಿಯ ಅಪಾಯ

ಅಮೆರಿಕದಲ್ಲಿ 1970ರಲ್ಲಿ ಮುಸುಕಿನ ಜೋಳಕ್ಕೆ ಎಲೆ ಅಂಗಮಾರಿ ರೋಗ ಬಂದು ಒಟ್ಟು ಬೆಳೆಯಲ್ಲಿ ಸುಮಾರು ಶೇಕಡ 15 ಭಾಗ ನಾಶವಾಯಿತು. ಅಲ್ಲಿ ಬಿತ್ತುತ್ತಿದ್ದ ಹೈಬ್ರಿಡ್ ಬೀಜಗಳ ಹೆಸರುಗಳು ಹಲವು. ಆದರೆ ಬಹುಪಾಲು ಬೀಜಗಳಲ್ಲಿ ಒಂದೇ ಬಗೆಯ ಗಂಡು ಬಂಜೆತನದ ಗುಣ ಸೇರಿಕೊಂಡಿತ್ತು. ರೋಗಾಣು ಆ ಒಂದು ದೌರ್ಬಲ್ಯವನ್ನೇ ಹಿಡಿದು ಎಲ್ಲ ಹೊಲಗಳಿಗೂ ಹಬ್ಬಿತು.

ಬ್ರೌಸರಿನ ವಿಷಯದಲ್ಲಿಯೂ ಇಂತಹುದೇ ನಡೆದಿದೆ. ಎಕ್ಸ್‌ಪ್ಲೋರರಿನ 6ನೆಯ ಆವೃತ್ತಿ 2001ರಲ್ಲಿ ಬಂದಿತು. 7ನೆಯದು ಬಂದದ್ದು 2006ರಲ್ಲಿ. ಸ್ಪರ್ಧೆ ಇಲ್ಲದುದರಿಂದ ಐದು ವರ್ಷ ಸುಧಾರಣೆ ನಿಂತಂತಾಯಿತು. ಅದರ ದೋಷಗಳನ್ನು ಹಿಡಿದು ದಾಳಿ ನಡೆಸುವುದು ಹೆಚ್ಚಿದಾಗ, ಬೇರೆ ಬ್ರೌಸರು ಬಳಸುವುದೂ ಒಂದು ಪರಿಹಾರವೆಂದು ಅಮೆರಿಕ ಸರ್ಕಾರದ ಕಂಪ್ಯೂಟರ್ ಸುರಕ್ಷತಾ ವಿಭಾಗವೇ 2004ರಲ್ಲಿ ತಿಳಿಸಬೇಕಾಯಿತು.

ಇಂದಿನ ಸ್ಥಿತಿಯೂ ಇದಕ್ಕಿಂತ ತೀರ ಬೇರೆಯಲ್ಲ. ಒಪೆರಾ 2013ರಲ್ಲಿ, ಮೈಕ್ರೋಸಾಫ್ಟಿನ ಎಡ್ಜ್ 2020ರಲ್ಲಿ ತಮ್ಮ ಸ್ವಂತ ಎಂಜಿನ್ ಬಿಟ್ಟು ಕ್ರೋಮಿನ ಮೂಲವಾದ ಕ್ರೋಮಿಯಂ ತಂತ್ರಾಂಶವನ್ನು ಹಿಡಿದವು. ಗೂಗಲಿನ ಬ್ಲಿಂಕ್, ಆಪಲಿನ ವೆಬ್‌ಕಿಟ್, ಫೈರ್‌ಫಾಕ್ಸಿನ ಗೆಕೊ ಈ ಮೂರು ಎಂಜಿನ್ನುಗಳೇ ಈಗ ಮುಖ್ಯವಾಗಿ ಉಳಿದಿವೆ. ಕ್ರೋಮಿಯಂ ಸುಧಾರಣೆ ನಿರಂತರವಾಗಿ ನಡೆಯುತ್ತಿದೆ, ಅದರ ಮೂಲವೂ ತೆರೆದಿದೆ ಎಂಬುದು ಹಿಂದಿಗಿಂತ ಒಳ್ಳೆಯ ಅಂಶ. ಆದರೂ ಬಾಗಿಲು ಒಬ್ಬರ ಕೈಯಲ್ಲಿದ್ದರೆ ನಿಯಮವೂ ಅವರದೇ ಆಗುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ತನ್ನ ಆಪ್‌ಗಳನ್ನು ಮೊದಲೇ ಹಾಕಿಸುವುದೇ ಮುಂತಾದ ಕ್ರಮಗಳಿಗಾಗಿ ಭಾರತದ ಸ್ಪರ್ಧಾ ಆಯೋಗವು 2022ರ ಅಕ್ಟೋಬರಿನಲ್ಲಿ ಗೂಗಲಿಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಅಮೆರಿಕದ ನ್ಯಾಯಾಲಯವೊಂದು 2024ರ ಆಗಸ್ಟಿನಲ್ಲಿ, ಹುಡುಕಾಟದಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ತೀರ್ಪಿತ್ತಿತು. ಆದರೆ ಕ್ರೋಮನ್ನು ಮಾರಬೇಕಾಗಿಲ್ಲ ಎಂದು 2025ರ ಸೆಪ್ಟೆಂಬರಿನಲ್ಲಿ ಹೇಳಿತು. ಹೊಲದಲ್ಲಿ ಒಂದೇ ತಳಿಯನ್ನು ನೆಚ್ಚದ ರೈತನು ಫೋನಿನಲ್ಲಿಯೂ ಎರಡನೆಯ ಬ್ರೌಸರೊಂದನ್ನು ಇಟ್ಟುಕೊಳ್ಳುವುದು ಲೇಸು. ಒಂದರಲ್ಲಿ ಪುಟ ತೆರೆಯದಿದ್ದಾಗ ಇನ್ನೊಂದು ನೆರವಿಗೆ ಬರುತ್ತದೆ.

ಆಪ್ ಬೇಕೋ, ಬ್ರೌಸರು ಸಾಕೋ?

ಪ್ರತಿಯೊಂದು ಕೆಲಸಕ್ಕೂ ಒಂದೊಂದು ಆಪ್ ಹಾಕಿಕೊಳ್ಳುವ ರೂಢಿ ಬೆಳೆದಿದೆ. ಇದರಿಂದ ಫೋನಿನ ಜಾಗ ತುಂಬುತ್ತದೆ. ಬ್ರೌಸರಿನಲ್ಲಿ ನೋಡುವ ಪುಟಕ್ಕೆ ಅಷ್ಟು ಜಾಗ ಬೇಕಿಲ್ಲ. ಪ್ರತಿ ಸಲವೂ ಹೊಸ ಪುಟವೇ ಬರುತ್ತದೆ. ಬೆಂಗಳೂರಿನ ವ್ಯಾಪಾರ ಸಂಸ್ಥೆ ಮಿಂತ್ರಾ 2015ರ ಮೇ ತಿಂಗಳಲ್ಲಿ ಜಾಲತಾಣವನ್ನು ಮುಚ್ಚಿ ಆಪ್ ಒಂದನ್ನೇ ಉಳಿಸಿಕೊಂಡಿತು. ಮರುವರ್ಷ ಜಾಲತಾಣವನ್ನು ಮತ್ತೆ ತೆರೆಯಿತು. ಬೆಂಗಳೂರಿನದೇ ಆದ ಫ್ಲಿಪ್‌ಕಾರ್ಟ್ ಮೊಬೈಲು ಪುಟವನ್ನು ಕೈಬಿಟ್ಟು, 2015ರ ನವೆಂಬರಿನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಎಂಬ ಹೊಸ ಬಗೆಯ ಪುಟದೊಂದಿಗೆ ಹಿಂದಿರುಗಿತು. ಬ್ರೌಸರಿನಲ್ಲಿಯೇ ತೆರೆದರೂ ಆಪ್‌ನಂತೆ ವರ್ತಿಸುವ, ಸಂಪರ್ಕ ಕಡಿದಾಗಲೂ ಹಿಂದೆ ತಂದಿಟ್ಟ ಭಾಗವನ್ನು ತೋರಿಸಬಲ್ಲ ಇಂತಹ ಪುಟಗಳು ಈಗ ಅನೇಕವಿವೆ. ಬ್ರೌಸರಿನ ಪಟ್ಟಿಯಲ್ಲಿ ‘ಹೋಮ್ ಸ್ಕ್ರೀನಿಗೆ ಸೇರಿಸಿ’ ಎಂಬುದನ್ನು ಒತ್ತಿದರೆ ಮುಂದೆ ಒಂದೇ ಒತ್ತಿಗೆ ಪುಟ ತೆರೆಯುತ್ತದೆ. ಕೃಷಿ ಮಾರಾಟ ಇಲಾಖೆಯ ಧಾರಣೆಯ ಪುಟದಂತೆ ಆಗಾಗ ನೋಡುವ ಪುಟಗಳಿಗೆ ಇದು ಅನುಕೂಲ.

ಹಣ ಪಾವತಿಯಂತಹ ಕೆಲಸಗಳಿಗೆ ಆಪ್ ಅಗತ್ಯವಾಗಬಹುದು. ಅದನ್ನು ಅಧಿಕೃತ ಪ್ಲೇ ಸ್ಟೋರಿನಿಂದಲೇ ಪಡೆಯಬೇಕು. ವಾಟ್ಸಾಪಿನಲ್ಲಿ ಬರುವ ‘ಎಪಿಕೆ’ ಕಡತವನ್ನು ಎಂದಿಗೂ ತೆರೆಯಬಾರದು. ಪಿಎಂ ಕಿಸಾನ್ ಹೆಸರಿನಲ್ಲಿಯೇ ಇಂತಹ ನಕಲಿ ಕಡತಗಳು ಹರಡಿದ್ದುಂಟು. ಇವು ಫೋನಿಗೆ ಬರುವ ಸಂದೇಶಗಳನ್ನು ಕದ್ದು ಓದಿ ಬ್ಯಾಂಕಿನ ಗುಪ್ತ ಸಂಖ್ಯೆಯನ್ನು ವಂಚಕರಿಗೆ ತಲುಪಿಸಬಲ್ಲವು.

ಕನ್ನಡದ ಪುಟಗಳು

ಹಿಂದೆ ಕನ್ನಡದ ಜಾಲತಾಣ ಓದಲು ಅದೇ ತಾಣದ ಅಕ್ಷರಗುಚ್ಛ ಕಂಪ್ಯೂಟರಿನಲ್ಲಿರಬೇಕಿತ್ತು. ಇಲ್ಲದಿದ್ದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತಿದ್ದವು. ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಫೋನಿನಲ್ಲಿ ಒತ್ತಕ್ಷರಗಳು ಸರಿಯಾಗಿ ಮೂಡಲು ಕಾಲ ಹಿಡಿಯಿತು. 2012ರಲ್ಲಿ ಬಂದ ಆಂಡ್ರಾಯ್ಡ್ 4.1ನೆಯ ಆವೃತ್ತಿಯಲ್ಲಿ ಕನ್ನಡಕ್ಕೆ ಬೆಂಬಲ ದೊರೆಯಿತು. 2017ರಿಂದ ಗೂಗಲಿನ ಕೀಲಿಮಣೆಯಲ್ಲಿ ಕನ್ನಡದಲ್ಲಿ ಮಾತನಾಡಿಯೇ ಬರೆಯಿಸಬಹುದಾಗಿದೆ. ಕೈಬರಹದ ರೂಢಿ ತಪ್ಪಿದವರಿಗೂ ವಯಸ್ಸಾದವರಿಗೂ ಇದು ದೊಡ್ಡ ಸಹಾಯ.

ಇತರ ಭಾಷೆಯ ಪುಟವನ್ನು ಬ್ರೌಸರು ತಾನೇ ಕನ್ನಡಕ್ಕೆ ಅನುವಾದಿಸುತ್ತದೆ. ಹುಡುಕಾಟದಲ್ಲಿ ಕೃತಕ ಬುದ್ಧಿಮತ್ತೆ ಬರೆದ ಸಾರಾಂಶವೂ ಮೊದಲಿಗೇ ಬರುತ್ತಿದೆ. ವಿಷಯದ ಪರಿಚಯಕ್ಕೆ ಇವು ಸಾಕು. ಔಷಧಿಯ ಪ್ರಮಾಣಕ್ಕೆ ಸಾಲವು. ಲೀಟರಿಗೆ 0.5 ಮಿ.ಲೀ. ಎಂಬುದರಲ್ಲಿ ಒಂದು ಚುಕ್ಕೆ ತಪ್ಪಿದರೆ 5 ಮಿ.ಲೀ. ಆಗಿ, ಹತ್ತು ಪಟ್ಟು ಔಷಧಿ ಬೆಳೆಗೆ ಬೀಳುತ್ತದೆ. ಬೆಳೆ ಸುಡುವುದಲ್ಲದೆ ಸಿಂಪಡಿಸುವವನ ಜೀವಕ್ಕೂ ಅಪಾಯ. ಪುಟದ ದಿನಾಂಕವನ್ನೂ ನೋಡಬೇಕು. ಎಂಡೋಸಲ್ಫಾನ್ ಬಳಕೆಯನ್ನು 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ನಿಷೇಧಿಸಿತು. ಆದರೆ ಅದಕ್ಕೂ ಹಿಂದೆ ಬರೆದ ಶಿಫಾರಸುಗಳನ್ನು ಯಾರೂ ಅಳಿಸದಿದ್ದರೆ ಅವು ಅಂತರಜಾಲದಲ್ಲಿ ಹಾಗೆಯೇ ಉಳಿಯುತ್ತವೆ. ಆದುದರಿಂದ ಡಬ್ಬಿಯ ಚೀಟಿ, ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರದ ಸಲಹೆ, ಇಲ್ಲವೇ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆ, ಇವುಗಳಲ್ಲಿ ಒಂದರಿಂದಲಾದರೂ ಖಚಿತಪಡಿಸಿಕೊಂಡೇ ಸಿಂಪಡಿಸಬೇಕು.

ರೈತರು ಅನುಸರಿಸಬೇಕಾದ ಕ್ರಮಗಳು

1. ವಿಳಾಸವನ್ನು ಓದುವುದನ್ನು ಕಲಿಯಬೇಕು. ಬ್ರೌಸರಿನ ಮೇಲ್ಭಾಗದ ಪಟ್ಟಿಯಲ್ಲಿ ವಿಳಾಸವಿರುತ್ತದೆ. ಮೊದಲ ಓರೆಗೆರೆಯ ಹಿಂದಿನ ಭಾಗದ ಕೊನೆಯಲ್ಲಿ ಏನಿದೆ ಎಂಬುದು ಮುಖ್ಯ. ಭಾರತ ಸರ್ಕಾರದ ಮತ್ತು ರಾಜ್ಯ ಸರ್ಕಾರದ ತಾಣಗಳು ಸಾಮಾನ್ಯವಾಗಿ ‘ಜಿಒವಿ ಡಾಟ್ ಇನ್’ ಅಥವಾ ‘ಎನ್ಐಸಿ ಡಾಟ್ ಇನ್’ ಎಂದು ಕೊನೆಗೊಳ್ಳುತ್ತವೆ. ಮುಂದೆ ಯೋಜನೆಯ ಹೆಸರಿದ್ದು ಕೊನೆಯಲ್ಲಿ ಬೇರೇನೋ ಇದ್ದರೆ ಅನುಮಾನ ಪಡಬೇಕು.

2. ಬೀಗದ ಗುರುತನ್ನೇ ನಂಬಬಾರದು. ಅದರ ಅರ್ಥ ಫೋನಿಗೂ ಆ ತಾಣಕ್ಕೂ ನಡುವೆ ಬೇರೆಯವರು ಓದಲಾರರು ಎಂದಷ್ಟೆ. ವಂಚಕನ ತಾಣಕ್ಕೂ ಬೀಗ ಇರಬಹುದು. ಈ ತಪ್ಪು ತಿಳಿವಳಿಕೆಯನ್ನು ತಪ್ಪಿಸಲೆಂದೇ 2023ರಲ್ಲಿ ಕ್ರೋಮ್ ಬೀಗದ ಚಿತ್ರವನ್ನು ತೆಗೆದು ಬೇರೆ ಗುರುತನ್ನು ಇಟ್ಟಿತು. ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬಂದರೆ ಮಾತ್ರ ಅಲ್ಲಿ ಯಾವ ವಿವರವನ್ನೂ ತುಂಬಬಾರದು. ಫೋನಿನ ದಿನಾಂಕ ತಪ್ಪಿದ್ದರೂ ಎಚ್ಚರಿಕೆ ಬರುವುದುಂಟು. ಅದನ್ನು ಮೊದಲು ಸರಿಪಡಿಸಿ ನೋಡಬೇಕು.

3. ಹುಡುಕಾಟದಲ್ಲಿ ಮೊದಲು ಕಂಡದ್ದೆಲ್ಲ ಅಧಿಕೃತವಲ್ಲ. ‘ಪ್ರಾಯೋಜಿತ’ ಎಂದು ಬರೆದಿರುವುದು ಹಣ ಕೊಟ್ಟು ಹಾಕಿಸಿದ ಜಾಹೀರಾತು. ಬ್ಯಾಂಕಿನ ದೂರವಾಣಿ ಸಂಖ್ಯೆಯನ್ನು ಹುಡುಕಾಟದಿಂದ ಪಡೆಯದೆ ಪಾಸ್ ಪುಸ್ತಕದಿಂದ ಪಡೆಯಬೇಕು.

4. ಬ್ರೌಸರನ್ನು ಆಗಾಗ ನವೀಕರಿಸಬೇಕು. ಇದು ಉಚಿತ. ನವೀಕರಣದಲ್ಲಿ ಹೊಸದಾಗಿ ಕಂಡುಬಂದ ದೋಷಗಳ ನಿವಾರಣೆ ಇರುತ್ತದೆ. 2025ರಿಂದ ಕ್ರೋಮಿನ ಹೊಸ ಆವೃತ್ತಿಗಳು ಆಂಡ್ರಾಯ್ಡ್ 10ಕ್ಕಿಂತ ಹಳೆಯ ಫೋನುಗಳಿಗೆ ದೊರೆಯುತ್ತಿಲ್ಲ. ಅಂತಹ ಫೋನನ್ನು ಧಾರಣೆ, ಹವಾಮಾನ ನೋಡಲು ಬಳಸಬಹುದು; ಹಣದ ವ್ಯವಹಾರಕ್ಕೆ ಬಳಸದಿರುವುದು ಒಳ್ಳೆಯದು.

5. ‘ಸೂಚನೆಗಳನ್ನು ಕಳಿಸಲು ಅನುಮತಿ ನೀಡಿ’ ಎಂದು ಅಪರಿಚಿತ ಪುಟ ಕೇಳಿದರೆ ನಿರಾಕರಿಸಬೇಕು. ಸ್ಥಳದ ಅನುಮತಿಯನ್ನು ಹವಾಮಾನದಂತಹ ಅಗತ್ಯವಿರುವ ಪುಟಕ್ಕೆ ಮಾತ್ರ ನೀಡಬೇಕು.

6. ಸಂಪರ್ಕ ಚೆನ್ನಾಗಿರುವ ಜಾಗದಲ್ಲಿ ಬೇಕಾದ ಪುಟವನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಂಡರೆ ಸಿಗ್ನಲ್ ಸಿಗದ ಹೊಲದಲ್ಲಿಯೂ ಓದಬಹುದು.

7. ಬೇರೆಯವರ ಫೋನಿನಲ್ಲಿ ಅಥವಾ ಸೇವಾ ಕೇಂದ್ರದಲ್ಲಿ ಗುಪ್ತಪದವನ್ನು ಉಳಿಸಲು ಬಿಡಬಾರದು. ಕೆಲಸ ಮುಗಿದೊಡನೆ ಖಾತೆಯಿಂದ ಹೊರಬರಬೇಕು.

8. ಹಣ ಹೋಯಿತೆಂದು ತಿಳಿದ ಕೂಡಲೇ ನಾಚಿಕೆಪಟ್ಟು ಸುಮ್ಮನಿರದೆ 1930 ಸಂಖ್ಯೆಗೆ ಕರೆ ಮಾಡಿ ದೂರು ನೀಡಬೇಕು. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.

ವಿಸ್ತರಣಾ ಕಾರ್ಯಕರ್ತರ ಹೊಣೆ

ರೈತರಿಗೆ ಮಾಹಿತಿ ಕಳಿಸುವವರೂ ಕೆಲವು ಅಂಶಗಳನ್ನು ಗಮನಿಸಬೇಕು. ಸಲಹೆಯನ್ನು ಮುದ್ರಿಸಿ, ಅದರ ಫೋಟೋ ತೆಗೆದು ಹಾಕುವ ಪದ್ಧತಿ ಹೆಚ್ಚಾಗಿದೆ. ಯೂನಿಕೋಡಿನಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಸಾಮಾನ್ಯವಾಗಿ 3 ಬೈಟ್ ಬೇಕು. 2,000 ಸಂಕೇತಗಳ ಒಂದು ಪುಟ ಸಲಹೆಗೆ ಸುಮಾರು 6 ಕಿಲೋಬೈಟ್ ಆಯಿತು. ಅದೇ ಪುಟದ ಫೋಟೋ 2 ಮೆಗಾಬೈಟ್ ಇದ್ದರೆ ಹೊರೆ 300 ಪಟ್ಟಿಗೂ ಹೆಚ್ಚು. ಸಿಗ್ನಲ್ ಕಡಿಮೆ ಇರುವ ಊರಿನಲ್ಲಿ ಅಕ್ಷರದ ಪುಟ ತೆರೆದೀತು, ಫೋಟೋ ಸುತ್ತುತ್ತಲೇ ಇರುತ್ತದೆ. ಅಲ್ಲದೆ ಫೋಟೋದಲ್ಲಿರುವ ಬರಹವನ್ನು ಹುಡುಕಿ ತೆಗೆಯುವುದು ಕಷ್ಟ; ದೃಷ್ಟಿ ಮಂದವಾದವರಿಗೆ ಅಕ್ಷರ ಹಿಗ್ಗಿಸಿದರೆ ಸಾಲು ಪರದೆಯಿಂದ ಆಚೆ ಹೋಗುತ್ತದೆ; ಫೋನು ಅದನ್ನು ಓದಿ ಹೇಳುವುದೂ ಸುಲಭವಲ್ಲ. ಹಳೆಯ ಅಕ್ಷರಗುಚ್ಛದಲ್ಲಿ ಬೆರಳಚ್ಚು ಮಾಡಿದ ಸುತ್ತೋಲೆಗಳಿಗೂ ಇದೇ ಗತಿ. ಆದುದರಿಂದ ಸಲಹೆಗಳನ್ನು ಯೂನಿಕೋಡ್ ಕನ್ನಡದಲ್ಲಿ ಬರೆದು, ಮೇಲ್ಭಾಗದಲ್ಲಿ ದಿನಾಂಕ ಮತ್ತು ಅನ್ವಯಿಸುವ ಬೆಳೆ, ಪ್ರದೇಶಗಳನ್ನು ನಮೂದಿಸಿ, ರೋಗ ಅಥವಾ ಕೀಟದ ಗುರುತು ಹಿಡಿಯಲು ಬೇಕಾದ ಚಿತ್ರಗಳನ್ನು ಮಾತ್ರ ಚಿಕ್ಕದು ಮಾಡಿ ಸೇರಿಸಬೇಕು. ಪುಟ ಹಾಕುವ ಮುನ್ನ ಅಧಿಕಾರಿಯ ಕಂಪ್ಯೂಟರಿನಲ್ಲಿ ಮಾತ್ರವಲ್ಲದೆ, ಹಳ್ಳಿಯಲ್ಲಿ ಬಳಕೆಯಲ್ಲಿರುವ ಸಾಧಾರಣ ಬೆಲೆಯ ಫೋನಿನಲ್ಲಿಯೂ ತೆರೆದು ಪರೀಕ್ಷಿಸಬೇಕು. ಅವಧಿ ಮೀರಿದ ಶಿಫಾರಸುಗಳನ್ನು ತೆಗೆದುಹಾಕುವುದೂ ಹೊಸದನ್ನು ಹಾಕುವಷ್ಟೇ ಮುಖ್ಯ.

ಜಾಲಪುಟಗಳು ಶುಲ್ಕವಿಲ್ಲದೆ ಎಲ್ಲರಿಗೂ ದೊರೆತು 30 ವರ್ಷಗಳಿಗೂ ಮೇಲಾಯಿತು. ಬ್ರೌಸರುಗಳು ಬಂದಿವೆ, ಹೋಗಿವೆ. ಮುಂದೆಯೂ ಹೊಸವು ಬರುತ್ತವೆ. ಪುಟವನ್ನು ತಾವೇ ಓದಿ ಬಳಕೆದಾರನ ಪರವಾಗಿ ಕೆಲಸ ಮಾಡುತ್ತೇವೆನ್ನುವ ಬ್ರೌಸರುಗಳೂ 2025ರಲ್ಲಿ ಬಂದಿವೆ. ಇಂತಹವುಗಳ ಕೈಗೆ ಬ್ಯಾಂಕಿನ ಖಾತೆಯನ್ನು ಒಪ್ಪಿಸಲು ಅವಸರ ಪಡಬೇಕಾಗಿಲ್ಲ. ಹೊಸ ತಳಿಯ ಬೀಜವನ್ನು ಮೊದಲು ಐದು ಗುಂಟೆಯಲ್ಲಿ ಹಾಕಿ ನೋಡಿ, ಬಳಿಕ ಎಕರೆಗೆ ವಿಸ್ತರಿಸುವುದು ರೈತರಿಗೆ ತಿಳಿದ ವಿಷಯವೇ. ಅದೇ ವಿವೇಕವನ್ನು ಇಲ್ಲಿಯೂ ಬಳಸಬೇಕು. ಮನೆಯಲ್ಲಿ ಓದು ಬಲ್ಲ ಮಕ್ಕಳಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಹಣಿಯ ಪುಟವನ್ನೋ ಧಾರಣೆಯ ಪುಟವನ್ನೋ ತೆರೆದು, ಮೊದಲು ಅದರ ವಿಳಾಸವನ್ನು ಓದುವುದರಿಂದ ಅಭ್ಯಾಸ ಆರಂಭಿಸಬಹುದು.